ಬಂದು ಹೋಗುವುದು

ಫೆಬ್ರುವರಿ 3, ಸೋಮವಾರ

ನನ್ನ ಒಡಹುಟ್ಟಿದ ತಂಗಿ ಗೃಹಪ್ರವೇಶಕ್ಕೆ ನನ್ನನ್ನು ಇ-ಮೇಲ್‌ನಲ್ಲಿ ಕರೆದಿದ್ದಾಳೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆಯಾಗಿ ತಲೆ ನೆರೆಸಿಕೊಂಡು ನಾನು ಕಲಿತದ್ದು ಒಂದೇ. ಏನೋ ಸರಿಯಿಲ್ಲ ಅನ್ನಿಸಿದ ದಿನವೇ ಟಿಪ್ಪಣಿ ಹಾಕಿಡಬೇಕು, ಆಮೇಲೆ ಎಲ್ಲರಿಗೂ ಮರೆವು ಬರುತ್ತದೆ. ಅದಕ್ಕೇ ಇವತ್ತಿನಿಂದ ಬರೆದಿಡುತ್ತೇನೆ.

ಬಂದದ್ದು ಹೀಗಿದೆ: "ಮಾನ್ಯ ಅಕ್ಕನವರಿಗೆ, ರಾಧಾಮಣಿ ಮಾಡುವ ನಮಸ್ಕಾರಗಳು. ತರುವಾಯ, ಇದೇ ತಿಂಗಳ ಹತ್ತನೇ ತಾರೀಖು ಸೋಮವಾರ ಕನಕಪುರದಲ್ಲಿ ಚಿ. ಸೌ. ಶ್ವೇತಳ ನೂತನ ಗೃಹದ ಪ್ರವೇಶವನ್ನು ಏರ್ಪಡಿಸಲಾಗಿದೆ. ತಾವು ತಪ್ಪದೆ ಆಗಮಿಸಬೇಕಾಗಿ ಕೋರಿದೆ."

ತರುವಾಯ ಅಂತೆ. ಕೋರಿದೆ ಅಂತೆ. ಹುಟ್ಟಿದಾಗಿನಿಂದ ನೀನು ಎನ್ನುತ್ತಿದ್ದವಳು ಇವತ್ತು ತಾವು ಅಂದಿದ್ದಾಳೆ. ರಾಧಾಮಣಿ ಬಾಯಿ ತೆರೆದರೆ, "ಅಕ್ಕೋ, ಸತ್ತೋಗಿದ್ದೀಯೋ ಬದುಕಿದ್ದೀಯೋ?" ಎಂದೇ ಶುರು. ಅಂಗನವಾಡಿ ಟೀಚರು ಅವಳು. ಬಾಗಿಲಲ್ಲಿ ನಿಂತು ಒಂದು ಕೂಗು ಹಾಕಿದರೆ ಬೀದಿಯ ಕೊನೇ ಮನೆಯ ಮಕ್ಕಳೂ ಚಡ್ಡಿ ಏರಿಸಿಕೊಂಡು ಓಡಿ ಬರುತ್ತಿದ್ದವು. ಅಂಥವಳ ಬಾಯಲ್ಲಿ ತರುವಾಯ ಎಂಬ ಮಾತು ಹುಟ್ಟುವುದಿಲ್ಲ.

ನನ್ನ ಬಳಿ ವಾಟ್ಸಾಪ್ ಇಲ್ಲ, ಒಪ್ಪುತ್ತೇನೆ. ನನ್ನದು ಬಟನ್ ಫೋನು. ಜನರ ಅರ್ಜಿ ಬರೆದುಕೊಡಲು ಮನೆಯಲ್ಲಿ ಒಂದು ಕಂಪ್ಯೂಟರ್ ಇದೆ, ಅದರಲ್ಲಿ ಇ-ಮೇಲ್ ಮಾತ್ರ ಇಟ್ಟುಕೊಂಡಿದ್ದೇನೆ. ಹಾಗೆಂದು ಗೃಹಪ್ರವೇಶಕ್ಕೆ ಅದರಲ್ಲಿ ಕರೆಯುವುದೇ? ನಮ್ಮ ಕಡೆ ಕರೆಯುವುದೆಂದರೆ ಮನೆಬಾಗಿಲಿಗೆ ಬಂದು, ಒಳಗೆ ಕೂತು, ಕುಂಕುಮ ಇಟ್ಟು, ಬರಬೇಕು ಎಂದು ಬಾಯಿಬಿಟ್ಟು ಹೇಳುವುದು. ಕಾಗದ ಕಳಿಸುವ ಕಾಲದಲ್ಲೂ ಅದರ ನಾಲ್ಕು ಮೂಲೆಗೆ ಅರಿಸಿನ ಹಚ್ಚುತ್ತಿದ್ದರು. ನಮ್ಮೂರು ವಿರೂಪಾಕ್ಷಿಪುರದ ನೆಂಟರಿಗೆಲ್ಲ ರಾಧಾಮಣಿಯ ಮಗಳು ಶ್ವೇತ, ಅವಳ ಗಂಡ ನಟರಾಜು ಇಬ್ಬರೂ ಮನೆಮನೆಗೆ ಹೋಗಿ ಕರೆದು ಬಂದಿದ್ದಾರೆ ಎಂದು ನನಗೆ ಸುದ್ದಿ ಬಂದಿದೆ. ಚನ್ನಪಟ್ಟಣದಲ್ಲಿರುವ ಈ ದೊಡ್ಡಮ್ಮನ ಮನೆ ಮಾತ್ರ ಅವರ ದಾರಿಗೆ ಸಿಗಲಿಲ್ಲ. ಮದುವೆಯಾಗದೆ ಉಳಿದ ನಾನು ಆ ಹುಡುಗಿಯನ್ನು ಹೆತ್ತ ಮಗಳ ಹಾಗೆ ಎತ್ತಿ ಆಡಿಸಿದವಳು.

ಸಂಜೆ ಫೋನ್ ಹೊಡೆಯಿತು, ರಾಧಾಮಣಿಯದೇ. ಎತ್ತಲಿಲ್ಲ. ಮತ್ತೆ ಹೊಡೆಯಿತು. ಬಾಗಿಲಿಗೆ ಬರಲಾಗದವಳು ಫೋನಿನಲ್ಲಿ ತೇಪೆ ಹಾಕುವುದು ಬೇಡ.

ಫೆಬ್ರುವರಿ 4

ಬೆಳಿಗ್ಗೆ ಮತ್ತೆ ಫೋನ್. ಎತ್ತಲಿಲ್ಲ.

ಕೆಳಗಿನ ಮನೆಯ ಮುನ್ನೀ ಗೊಂಬೆ ಕಾರ್ಖಾನೆಗೆ ಹೊರಟವಳು ಮೆಟ್ಟಿಲ ಬುಡದಲ್ಲಿ ನಿಂತು ಕೇಳಿದಳು: "ಅಮ್ಮಾ, ನಿಮ್ಮ ಫೋನು ಒಂದೇ ಸಮ ಬಡ್ಕತಾ ಐತೆ. ಎತ್ತಬಾರ್ದಾ?"

"ತಂಗೀದು" ಎಂದೆ.

"ತಂಗೀದಾದ್ರೆ ಎತ್ತಬಾರ್ದು ಅಂತ ಎಲ್ಲೈತೆ?"

ಅವಳಿಗೇನು ಗೊತ್ತು. ಮಧ್ಯಾಹ್ನದ ಮೇಲೆ ಫೋನ್ ಬರಲಿಲ್ಲ. ನನ್ನ ಸಿಟ್ಟು ಅವಳಿಗೆ ಅಷ್ಟು ಬೇಗ ಅರ್ಥವಾಯಿತಲ್ಲ, ಒಳ್ಳೆಯದೇ ಆಯಿತು.

ಫೆಬ್ರುವರಿ 10, ಸೋಮವಾರ

ಗೃಹಪ್ರವೇಶಕ್ಕೆ ಹೋಗಲಿಲ್ಲ. ರೇಷ್ಮೆ ಸೀರೆ ತೆಗೆದು ಮಂಚದ ಮೇಲೆ ಇಟ್ಟದ್ದು ನಿಜ, ಗಾಳಿಯಾಡಲಿ ಎಂದು.

ಸಂಜೆ ಚಿಕ್ಕಪ್ಪನ ಮಗ ಪುಟ್ಟಲಿಂಗಯ್ಯ ಅಲ್ಲಿಂದ ಬರುವ ದಾರಿಯಲ್ಲಿ ನನಗೆ ಹೋಳಿಗೆ ಕೊಟ್ಟುಹೋಗಲು ಬಂದ. ರಾಧ ಏನೆಂದಳು ಎಂದು ಕೇಳಿದೆ.

"ಏನೂ ಅನ್ನಲಿಲ್ಲ ಕಣಕ್ಕ. ಕೈ ಮುಗುದ್ಲು, ಅಷ್ಟೇಯ. ಸೆರಗ ಬಾಯ್ಗೆ ಅಡ್ಡ ಹಿಡ್ಕಂಡು ಒಂದು ಕುರ್ಚಿ ಮ್ಯಾಲೆ ಕುಂತಿದ್ಲು. ಎಲ್ಲಾನೂವೆ ಅಳಿಮಯ್ಯನೇ ನೋಡ್ಕತಿದ್ದ. ಯಾರಾನ ಮಾತಾಡ್ಸಕೆ ಹೋದ್ರೆ ಅಡ್ಡ ಬಂದು, ಅತ್ತೆಗೆ ಗಂಟ್ಲು ಸರಿಯಿಲ್ಲ ಅಂತಿದ್ದ."

ಸಂಕ್ರಾಂತಿಯ ದಿನ ಫೋನಿನಲ್ಲಿ ಮಾತಾಡಿದಾಗಲೂ ಅವಳ ಗಂಟಲು ಕಟ್ಟಿತ್ತು. ಅಷ್ಟು ದಿನ ಯಾರಿಗೆ ಶೀತ ಇರುತ್ತದೆ? ನೆಪ ಹೇಳುವುದಕ್ಕೂ ಒಂದು ಲೆಕ್ಕಾಚಾರ ಬೇಡವೇ? ಮಾತೇ ಉಸಿರಾಗಿರುವ ಹೆಂಗಸನ್ನು ಅವಳ ಮಗಳ ಮನೆಯಲ್ಲಿ, ಶುಭಕಾರ್ಯದ ದಿನ, ಬಾಯಿ ಮುಚ್ಚಿಸಿ ಕೂರಿಸಿದ್ದಾನೆ ಅಳಿಯ. ಮಾತಾಡಿದರೆ ಏನೋ ಹೊರಬೀಳುತ್ತದೆ ಎಂದಲ್ಲವೇ?

ಈ ನಟರಾಜು ಕೆಲಸ ಮಾಡುವುದು ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು, ಕ್ರಯಪತ್ರ, ದಾನಪತ್ರ ಬರೆಯುವವನಾಗಿ. ಮಾನ್ಯ, ತರುವಾಯ, ಕೋರಿದೆ ಇವೆಲ್ಲ ಅವನ ದಿನದ ಊಟ. ವಿರೂಪಾಕ್ಷಿಪುರದಲ್ಲಿ ಅಮ್ಮನ ಹಿತ್ತಿಲು ಇನ್ನೂ ನಮ್ಮಿಬ್ಬರ ಹೆಸರಿನಲ್ಲಿ ಜಂಟಿಯಾಗಿದೆ. ಇ-ಮೇಲ್ ಬರೆದ ಬೆರಳು ಯಾರದು ಎಂದು ನನಗೆ ಈಗ ಹೊಳೆಯಿತು.

ಹೋಳಿಗೆ ಚೆನ್ನಾಗಿತ್ತು. ಮುನ್ನೀಗೂ ಕೊಟ್ಟೆ.

ಫೆಬ್ರುವರಿ 13

ನಾನೇ ಫೋನ್ ಮಾಡಿದೆ. ನಟರಾಜು ಎತ್ತಿದ.

"ದೊಡ್ಡತ್ತೆ, ಚೆನ್ನಾಗಿದ್ದೀರಾ? ಅತ್ತೆ ಮಲಗವ್ರೆ."

"ಎಬ್ಬಿಸಪ್ಪ. ಒಂದು ಮಾತು ಆಡಬೇಕು."

"ಮಾತಾಡಕ್ಕಾಗಲ್ಲ ದೊಡ್ಡತ್ತೆ. ಅವರೇ ಮೇಲ್ ಮಾಡ್ತಾರೆ ನಿಮ್ಗೆ. ಎಲ್ಲಾನೂ ತಾವೇ ತಿಳಿಸ್ತೀನಿ ಅಂದವ್ರೆ, ನಾನು ಏನೂ ಹೇಳಂಗಿಲ್ಲ."

ಏನೂ ಹೇಳುವಂತಿಲ್ಲವಂತೆ. ಕಚೇರಿಯಲ್ಲಿ ಈ ಮಾತನ್ನು ನಾನೂ ಬೇಕಾದಷ್ಟು ಜನರಿಗೆ ಹೇಳಿದ್ದೇನೆ. ಹೇಳಲು ಇರುವಾಗಲೇ ಹಾಗೆ ಹೇಳುವುದು.

ಫೆಬ್ರುವರಿ 14

ಇ-ಮೇಲ್ ಬಂತು. "ತಮ್ಮ ದೂರವಾಣಿ ಕರೆಯ ವಿಷಯ ತಿಳಿಯಿತು. ಸದ್ಯ ಮಾತನಾಡಲು ಅನುಕೂಲವಿಲ್ಲದ ಕಾರಣ ಇ-ಮೇಲ್ ಮೂಲಕವೇ ಸಂಪರ್ಕಿಸಬೇಕಾಗಿ ವಿನಂತಿ." ಕೆಳಗೆ ನೋಡಿದರೆ ಒಂದು ಪ್ರತಿ ನಟರಾಜುವಿಗೂ ಹೋಗಿದೆ. ಪ್ರತಿ ಯಾರಿಗೆ ಹೋಗುತ್ತದೆ ಎಂಬುದನ್ನು ನೋಡಿಯೇ ಕಾಗದದ ಉದ್ದೇಶ ಹೇಳುತ್ತಿದ್ದವಳು ನಾನು. ಮುಂದೆ ನೋಟೀಸು ಕೊಡುವ ಯೋಚನೆ ಇದ್ದಾಗಲೇ ಸಾಕ್ಷಿಗೊಬ್ಬರನ್ನು ಸೇರಿಸಿಕೊಳ್ಳುವುದು.

ಈ ಇ-ಮೇಲ್ ಎಂಬುದರ ಜಾತಿಯೇ ನನಗೆ ಅರ್ಥವಾಗುತ್ತಿಲ್ಲ. ಮಾತಿಗೆ ಮುಖ ಇರುತ್ತದೆ, ದನಿ ಇರುತ್ತದೆ. ಬೈದರೂ ಹಿಂದೆ ನಗು ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಕಚೇರಿ ಕಾಗದಕ್ಕೆ ಸಹಿ, ಮೊಹರು, ಸಂಖ್ಯೆ ಇರುತ್ತವೆ; ಅಲ್ಲಿ ಪ್ರೀತಿ ಹುಡುಕುವವರು ಯಾರೂ ಇಲ್ಲ. ಇದಕ್ಕೆ ಅದೂ ಇಲ್ಲ ಇದೂ ಇಲ್ಲ. ಅಳುತ್ತ ಬರೆದರೂ ನಗುತ್ತ ಬರೆದರೂ ಅಕ್ಷರ ಒಂದೇ ದಪ್ಪ. ರಾಧಾಮಣಿ ಮೊದಲು ಬರೆಯುತ್ತಿದ್ದ ಇನ್‌ಲ್ಯಾಂಡ್ ಪತ್ರಗಳಲ್ಲಿ ಸಾಲುಗಳು ಏಣಿ ಹತ್ತುತ್ತಿದ್ದವು, ಸಿಟ್ಟು ಬಂದಿದ್ದರೆ ಪೆನ್ನು ಕಾಗದ ತೂತು ಮಾಡಿರುತ್ತಿತ್ತು. ಆಡಿದ ಹಾಗೇ ಬರೆಯುತ್ತಿದ್ದಳು ಪಾಪ. ನಾನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸುತ್ತಿದ್ದೆ.

ಅಪ್ಪ ಹಾಸಿಗೆ ಹಿಡಿದಾಗ ಅಮ್ಮ ನನ್ನ ಕೈಯಲ್ಲಿ ಮಾವನಿಗೆ ಕಾರ್ಡು ಬರೆಸಿದ್ದು ನೆನಪಾಯಿತು. ಅಪ್ಪನಿಗೆ ಹೀಗಾಗಿದೆ ಎಂದು ಬರೆಯಹೊರಟಾಗ ಅಮ್ಮ ಕೈ ಹಿಡಿದುಕೊಂಡಳು. "ಕಾಯ್ಲೆ ಕಸಾಲೆ ಬರೀಬ್ಯಾಡ ಕಣವ್ವ. ಬರುದ್ರೆ ಅದು ಅಲ್ಲೇ ನಿಂತ್ಕತದೆ. ಬಾಯಲ್ಲಿ ಹೇಳುದ್ರೆ ಗಾಳೀಗೆ ಹೊಂಟೋಯ್ತದೆ." ಕೊನೆಗೆ ಕಾರ್ಡಿನಲ್ಲಿ ಬರೆದದ್ದು ಒಂದೇ ಸಾಲು, ಬಂದು ಹೋಗುವುದು. ಕಾರಣ ಬರೆಯದೆ ಅಷ್ಟೇ ಬರೆದರೆ ಏನರ್ಥ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕಾರ್ಡು ಸೇರಿದ ದಿನವೇ ಮಾವ ಬಂದಿಳಿದ. ಕೈಬರಹದ ಒಂದು ಸಾಲಿಗೆ ಅಷ್ಟು ಶಕ್ತಿ ಇತ್ತು. ಇ-ಮೇಲ್‌ನಲ್ಲಿ ಸಾವಿರ ಸಾಲು ಬರೆದರೂ ಅದಾಗದು.

ಫೆಬ್ರುವರಿ 17

ಒಂದು ಪರೀಕ್ಷೆ ಇಟ್ಟೆ. ಅಮ್ಮನ ಹಿತ್ತಿಲಿನ ಹುಣಸೆ ಮರದಿಂದ ಬಿದ್ದವರು ಯಾರು, ಏಟು ತಿಂದವರು ಯಾರು, ಕಾರಣಸಹಿತ ತಿಳಿಸತಕ್ಕದ್ದು ಎಂದು ಬರೆದೆ. ನಟರಾಜು ಬೆವರಲಿ ಎಂದು.

ಅರ್ಧ ಗಂಟೆಗೇ ಉತ್ತರ ಬಂತು. "ಸದರಿ ಮರದಿಂದ ಬಿದ್ದವಳು ನಾನು. ಏಟು ತಿಂದವರು ತಾವು. ಮರ ಹತ್ತಿಸಿದವರು ತಾವೇ ಆದ ಕಾರಣ ಸದರಿ ಏಟು ನ್ಯಾಯವಾಗಿಯೇ ಇರುತ್ತದೆ."

ನಗು ಬಂದುಬಿಟ್ಟಿತು. ಆಮೇಲೆ ಯೋಚಿಸಿದೆ. ಆ ಬಾಯಿಬಡುಕಿ ಈ ಕಥೆಯನ್ನು ಅಳಿಯನಿಗೆ ಹೇಳದೆ ಇರುತ್ತಾಳೆಯೇ? ಪರೀಕ್ಷೆ ಲೆಕ್ಕಕ್ಕೆ ಬರುವುದಿಲ್ಲ.

ಫೆಬ್ರುವರಿ 20

ಹೊಸ ಉಪಾಯ. ಉದ್ದುದ್ದ ಬರೆಯುವುದು, ಸಿಕ್ಕಾಪಟ್ಟೆ ಬರೆಯುವುದು. ಎದುರಿನವನು ಎಲ್ಲಾದರೂ ತಪ್ಪು ಮಾಡಲೇಬೇಕು. ಹಾಗಾಗಿ ಈಚೆಗೆ ದಿನಾ ಬರೆಯುತ್ತಿದ್ದೇನೆ. ಮುನ್ನೀ ಗೊಂಬೆಗೆ ಅರಗಿನ ಬಣ್ಣ ಹಚ್ಚಿ ಹಚ್ಚಿ ಅವಳ ಬೆರಳ ತುದಿ ಸಂಜೆ ಒಂದು ಬಣ್ಣ, ಬೆಳಿಗ್ಗೆ ಇನ್ನೊಂದು ಬಣ್ಣ ಇರುವುದನ್ನು ಬರೆದೆ. ಅವಳ ಗಂಡ ಹಬೀಬ್ ಆಟೋದಲ್ಲಿ ಕುರಿ ಕೂರಿಸಿಕೊಂಡು ಹೋದದ್ದನ್ನು ಬರೆದೆ. ಬೇಕೆಂದೇ ಆಡುಮಾತು ಸೇರಿಸುತ್ತೇನೆ, ಬಲೆಗೆ ಕಾಳು ಹಾಕಿದ ಹಾಗೆ.

ಇವತ್ತು ಬೆಳಿಗ್ಗೆ ಹಾಲು ಕಾಯಿಸುವ ಮೊದಲೇ ಕಂಪ್ಯೂಟರ್ ಹಾಕಿ ನೋಡಿದೆ. ಎಚ್ಚರಿಕೆಯಿಂದ ಇರಬೇಕಲ್ಲ.

ಫೆಬ್ರುವರಿ 22

ಸಿಕ್ಕಿಬಿದ್ದ. ಇವತ್ತಿನ ಇ-ಮೇಲ್: "ತಾವು ಬರೆದ ಕುರಿಯ ವಿಷಯ ಓದಿ ನಕ್ಕು ಸಾಕಾಯಿತು. ಕುರಿಗೆ ಬಾಡಿಗೆ ಯಾರು ಕೊಟ್ಟರು ಎಂಬ ಬಗ್ಗೆ ತಿಳಿಸುವುದು. ಇಲ್ಲಿ ಬಿಸಿಲು ಒಸಿ ಜಾಸ್ತಿ ಐತೆ."

ಒಸಿ! ಐತೆ! ನನ್ನ ತಂಗಿಯ ಮಾತನ್ನು ನಕಲು ಮಾಡಲು ಕಲಿತುಬಿಟ್ಟಿದ್ದಾನೆ. ಮೊದಲು ಸರ್ಕಾರಿ ಭಾಷೆ, ಈಗ ನಡುವೆ ಒಂದೊಂದು ಹಳ್ಳಿ ಮಾತು, ನಂಬಿಕೆ ಬರಲಿ ಎಂದು. ಪಕ್ಕಾ ಕಸುಬುದಾರ.

ಕುರಿಗೆ ಬಾಡಿಗೆ ಯಾರೂ ಕೊಡಲಿಲ್ಲ ಎಂದು ಉತ್ತರ ಬರೆದೆ. ಹಬೀಬನ ಮಾವನದೇ ಕುರಿ ಅದು.

ಫೆಬ್ರುವರಿ 24

ಕೊನೆಗೂ ವಿಷಯಕ್ಕೆ ಬಂದ. ಇವತ್ತು ಒಂದೇ ಸಾಲು. "ಒಮ್ಮೆ ಬಂದು ಹೋಗುವುದು. ತಿಂಗಳು ಮುಗಿಯುವುದರೊಳಗೆ ಆದರೆ ಒಳ್ಳೆಯದು."

ನೋಡಿ ಇದನ್ನು. ಗಡುವು ಹಾಕಿದ್ದಾನೆ. ಯಾತಕ್ಕೆ ಬರಬೇಕು ಎಂಬುದಿಲ್ಲ, ಯಾವ ಹೊತ್ತಿಗೆ ಎಂಬುದಿಲ್ಲ. ಖುದ್ದು ಹಾಜರಾಗಲು ಹೇಳುವುದು, ಎದುರಿಗೆ ಕೂರಿಸಿ ಕಾಫಿ ಕೊಡುವುದು, ಕಾಫಿ ಲೋಟದ ಪಕ್ಕ ಛಾಪಾ ಕಾಗದ ಇಡುವುದು. ಎಷ್ಟು ಹೆಂಗಸರ ಹೆಬ್ಬೆಟ್ಟು ಹೀಗೆ ಬಿದ್ದದ್ದನ್ನು ನಾನು ಕಣ್ಣಾರೆ ಕಂಡಿಲ್ಲ? ತಿಂಗಳ ಕೊನೆ ಯಾಕೆ ಎಂಬುದೂ ಗೊತ್ತು. ಹಿತ್ತಿಲಿಗೆ ಗಿರಾಕಿ ಸಿಕ್ಕಿರಬೇಕು, ಮುಂಗಡ ಹಿಡಿದಿರಬೇಕು.

ಬರಬೇಕಾದ ಉದ್ದೇಶವನ್ನು ಲಿಖಿತವಾಗಿ ತಿಳಿಸಿ ಎಂದು ಉತ್ತರ ಕೊಟ್ಟೆ.

ಫೆಬ್ರುವರಿ 26

"ಬರೆಯುವ ವಿಷಯವಲ್ಲ ಅಕ್ಕ. ಎದುರಿಗೇ ತಿಳಿಸಬೇಕು."

ಅಷ್ಟೇ. ಬರೆದರೆ ದಾಖಲೆಯಾಗುತ್ತದೆ, ಅದಕ್ಕೇ ಬರೆಯುವುದಿಲ್ಲ. ಎದುರಿಗೆ ತಿಳಿಸುವವಳು ಫೋನ್ ಯಾಕೆ ಎತ್ತುವುದಿಲ್ಲ ಎಂದು ಕೇಳಿದೆ. ಉತ್ತರ ಇಲ್ಲ. ಎದೆಯ ಮೇಲೆ ಹೊಡೆದ ಹಾಗೆ ಪ್ರಶ್ನೆ ಕೇಳಿದರೆ ಎಲ್ಲಿಂದ ಉತ್ತರ ಬರಬೇಕು? ಗೆದ್ದೆ ಅನ್ನಿಸಿತು. ಊಟ ಸೇರಲಿಲ್ಲ, ಬಿಸಿಲಿಗೆ.

ಮಾರ್ಚ್ 1, ಶನಿವಾರ

"ಈ ದಿನ ಬೆಂಗಳೂರಿಗೆ ಹೊರಟಿರುತ್ತೇನೆ. ಕೆಲವು ದಿನ ಇ-ಮೇಲ್ ಮಾಡಲಾಗುವುದಿಲ್ಲ. ಉಪ್ಪಿನಕಾಯಿ ಹಾಕುವಾಗ ಕಲ್ಲುಪ್ಪನ್ನೇ ಬಳಸುವುದು, ಪುಡಿ ಉಪ್ಪು ಬೇಡ. ಹುಷಾರಾಗಿರು."

ಇರು ಎಂದಿದೆ. ಇರಿ ಅಂದಿಲ್ಲ.

ಬೆಂಗಳೂರಿನಲ್ಲಿ ಏನು ಕೆಲಸ? ಲಾಯರೇ ಇರಬೇಕು.

ಮಾರ್ಚ್ 4

ಏನೂ ಬಂದಿಲ್ಲ.

ಮಾರ್ಚ್ 6

ಬಂದಿಲ್ಲ. ಕರೆಂಟು ಹೋಗಿ ಬಂದಾಗ ಬಂದಿರಬಹುದೆಂದು ಮತ್ತೆ ಹಾಕಿ ನೋಡಿದೆ. ಬೆಸ್ಕಾಂನವರ ಒಂದು ಇ-ಮೇಲ್ ಇತ್ತು.

ಮಾವಿನಕಾಯಿ ತಂದೆ. ಕಲ್ಲುಪ್ಪು ಮನೆಯಲ್ಲಿ ಇರಲಿಲ್ಲ, ಅಂಗಡಿಗೆ ಹೋಗಿ ತಂದೆ.

ಮಾರ್ಚ್ 8

ಶ್ವೇತಳಿಗೆ ಫೋನ್ ಮಾಡಿದೆ. ಹಿಂದೆ ಏನೋ ಗಾಲಿ ತಳ್ಳುವ ಸದ್ದು, ಯಾರದೋ ಹೆಸರು ಕೂಗುವ ಸದ್ದು.

"ಎಲ್ಲಿದ್ದೀಯೇ?"

"ಬೆಂಗ್ಳೂರಲ್ಲೇ ಇದ್ದೀವಿ ದೊಡ್ಡಮ್ಮ. ಅಮ್ಮನೂ ಇಲ್ಲೇ ಅವ್ರೆ."

"ಅಲ್ಲಿ ಏನ್ ಕೆಲ್ಸ?"

ಹುಡುಗಿ ಮೂಗು ಎಳೆದುಕೊಂಡಳು. "ಅಮ್ಮ ಆಣೆ ಹಾಕಿಸ್ಕಂಡವ್ರೆ, ನಾನ್ ಹೇಳಂಗಿಲ್ಲ. ನೀವು ಯಾಕೆ ದೊಡ್ಡಮ್ಮ ಬರ್ಲಿಲ್ಲ? ಅಮ್ಮ ದಿನಾ ಬಾಗ್ಲು ನೋಡೋರು."

ತಾಯಿ, ಅಳಿಯ, ಮಗಳು ಎಲ್ಲರೂ ಸೇರಿ ನನ್ನ ಬಾಯಿಗೆ ಮಣ್ಣು ಹಾಕಲು ನಿಂತಿದ್ದಾರೆ. ಹೀಗೆ ಬರೆದು ನೋಡಿದೆ. ಓದಿದರೆ ನನಗೇ ಸರಿಯಾಗಿ ಕಾಣಲಿಲ್ಲ. ಆ ಹುಡುಗಿ ಸುಳ್ಳು ಹೇಳುವಾಗ ಮೂಗು ಎಳೆದುಕೊಳ್ಳುವುದಿಲ್ಲ, ಅಳುವಾಗ ಎಳೆದುಕೊಳ್ಳುತ್ತಾಳೆ.

ಮಾರ್ಚ್ 12

ಮೊನ್ನೆ ಅರ್ಜಿ ಹಾಕಿದ್ದೆ, ಇವತ್ತು ಹಿತ್ತಿಲಿನ ಋಣಭಾರ ಪತ್ರ ಕೈಗೆ ಬಂತು. ಯಾವ ವ್ಯವಹಾರವೂ ಇಲ್ಲ. ಕ್ರಯ ಇಲ್ಲ, ಕರಾರು ಇಲ್ಲ, ಅಡಮಾನ ಇಲ್ಲ. ಅಮ್ಮ ಬಿಟ್ಟುಹೋದ ಹಾಗೇ ಇದೆ. ಖುಷಿಯಾಗಬೇಕಿತ್ತು.

ಮೆಟ್ಟಿಲಲ್ಲಿ ಮುನ್ನೀಗೆ ತೋರಿಸಿದೆ. ಎಲ್ಲ ಕಥೆ ಅವಳಿಗೆ ಗೊತ್ತು, ನಾನೇ ಹೇಳಿಕೊಂಡಿದ್ದೇನೆ. ಅವಳು ಕಾಗದವನ್ನು ಬಣ್ಣದ ಬೆರಳಲ್ಲಿ ಮುಟ್ಟದೆ, ಬಗ್ಗಿ ನೋಡಿದಳು.

"ಜಮೀನು ಐತೆ ಅಂತ ಗೊತ್ತಾಯ್ತಲ್ಲಮ್ಮ. ತಂಗಿ ಅವ್ರೋ ಇಲ್ವೋ, ಅದನ್ನ ಒಸಿ ನೋಡ್ಕಂಡ್ ಬನ್ನಿ."

ಬಿಡ್ತು ಅನ್ನು ಎಂದು ಬೈದೆ. ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಮಾರ್ಚ್ 15

ಬಂತು. "ಮನೆಗೆ ಬಂದಿರುತ್ತೇನೆ. ಉಪ್ಪಿನಕಾಯಿ ಹಾಕಿದೆಯಾ? ಬಂದು ಹೋಗುವುದು."

ನಾಳೆ ಮೊದಲ ಬಸ್ಸಿಗೆ ಹೋಗುತ್ತೇನೆ. ನಟರಾಜುವಿಗೆ ಕೇಳಬೇಕಾದ ಪ್ರಶ್ನೆಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೇನೆ. ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟಿ ಇಟ್ಟಿದ್ದೇನೆ.

ಮಾರ್ಚ್ 16, ಭಾನುವಾರ

ಆದದ್ದು ಆದ ಹಾಗೆ ಬರೆಯುತ್ತೇನೆ.

ಸಾತನೂರಿನ ಮೇಲೆ ಹೋಗುವ ಬಸ್ಸು. ದೂರದಲ್ಲಿ ಕಬ್ಬಾಳು ಬೆಟ್ಟ ಕಂಡಾಗ ಎಲ್ಲರೂ ಕೈ ಮುಗಿದರು, ನಾನೂ ಮುಗಿದೆ. ಕನಕಪುರದಲ್ಲಿ ಇಳಿದು ಆಟೋ ಹಿಡಿದೆ. ಹೊಸ ಮನೆ, ತೋರಣ ಒಣಗಿ ಇನ್ನೂ ನೇತಾಡುತ್ತಿತ್ತು. ನಟರಾಜು ಬಾಗಿಲು ತೆಗೆದ. ಜೋಡಿಸಿಕೊಂಡಿದ್ದ ಮೊದಲ ಪ್ರಶ್ನೆ ಕೇಳಬೇಕೆನ್ನುವಷ್ಟರಲ್ಲಿ ಅವನ ಭುಜದ ಆಚೆ ರಾಧಾಮಣಿ ಕಂಡಳು.

ಕಿಟಕಿಯ ಪಕ್ಕ ಕೂತಿದ್ದಳು. ಮೂಗಿನಲ್ಲಿ ಸಣ್ಣ ನಳಿಕೆ, ಕತ್ತಿಗೆ ಬಿಳಿ ಬಟ್ಟೆ. ಅರ್ಧಕ್ಕರ್ಧ ಇಳಿದುಹೋಗಿದ್ದಾಳೆ. ನನ್ನನ್ನು ನೋಡಿ ಬಾಯಿ ತೆರೆದಳು. ಅಕ್ಕೋ ಎಂದು ತುಟಿ ಆಡಿತು. ದನಿ ಬರಲಿಲ್ಲ. ಕತ್ತಿನ ಬಟ್ಟೆಯ ಹಿಂದಿನಿಂದ ಬರೀ ಗಾಳಿ ಬಂತು.

ಶ್ವೇತ ನನ್ನನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಹೇಳಿದಳು. ಡಿಸೆಂಬರಿನಿಂದಲೇ ಗಂಟಲು ಕಟ್ಟಿತ್ತಂತೆ, ಮಕ್ಕಳ ಮೇಲೆ ಕಿರುಚಿ ಕಿರುಚಿ ಹಾಗಾಗಿದೆ ಎಂದುಕೊಂಡರಂತೆ. ನೋಡಿದರೆ ಗಡ್ಡೆ. ಮಾರ್ಚ್ ಮೂರಕ್ಕೆ ಸ್ವರಪೆಟ್ಟಿಗೆಯನ್ನೇ ತೆಗೆದಿದ್ದಾರೆ. ಇನ್ನು ಉಸಿರಾಡುವುದು ಕತ್ತಿನ ರಂಧ್ರದಿಂದ. ಜೀವಕ್ಕೆ ಸದ್ಯ ಭಯವಿಲ್ಲ ಎಂದಿದ್ದಾರೆ.

"ಮನೆಗೆ ಕರ್ಯಕ್ಕೆ ನಾವ್ ನಿಮ್ಮನೇಗೂ ಹೊಂಟಿದ್ವಿ ದೊಡ್ಡಮ್ಮ. ಅಮ್ಮನೇ ಬ್ಯಾಡ ಅಂದ್ರು. ಅಕ್ಕನ್ ಮನೆಗೆ ನಾನೇ ಹೋಗಿ ಕುಂಕುಮ ಇಟ್ಟು ಕರೀಬೇಕು, ನೀವು ಚಿಕ್ಕೋರು ಹೋದ್ರೆ ಅಕ್ಕಂಗೆ ಮರ್ಯಾದೆ ಅಲ್ಲ ಅಂತ. ಆಮೇಲೆ ಆಸ್ಪತ್ರೇಲಿ ದಿನಾ ಒಂದೊಂದು ಟೆಸ್ಟು ಅಂದ್ರು, ಹೋಗಕಾಗ್ಲೇ ಇಲ್ಲ. ಅದಕ್ಕೆ ಮೇಲ್ ಹಾಕುದ್ರು."

"ಕಾಯ್ಲೆ ಅಂತ ಅದ್ರಲ್ಲೇ ಬರೀಬಾರ್ದಿತ್ತೇನೇ?"

"ನಾವೂ ಅದೇ ಅಂದ್ವಿ. ಬರುದ್ರೆ ನಿಂತ್ಕತದೆ ಅಂತ ಅಜ್ಜಿ ಹೇಳ್ತಿದ್ರಂತೆ. ಅಕ್ಕಂಗೆ ನಾನೇ ಬಾಯಲ್ಲಿ ಹೇಳ್ತೀನಿ ಅಂತ ಫೋನ್ ಮಾಡುದ್ರು. ನೀವು ಎತ್ತಲಿಲ್ಲ. ಆಮೇಲೆ ಪಿಸುಮಾತು ಬಿಟ್ರೆ ದನೀನೇ ಬರ್ಲಿಲ್ಲ."

ಹೊರಗೆ ಬಂದು ಅವಳ ಎದುರು ಕೂತೆ. ರಾಧಾಮಣಿ ಫೋನ್ ತೆಗೆದು ಟೈಪು ಮಾಡಿ ನನ್ನ ಕಡೆ ತಿರುಗಿಸಿದಳು. ಅಂಗನವಾಡಿಯ ವರದಿ ಹಾಕಿ ಹಾಕಿ ಕನ್ನಡ ಟೈಪಿನಲ್ಲಿ ಅವಳ ಬೆರಳು ಬಲು ಚುರುಕು. "ತಮ್ಮ ಆಗಮನದಿಂದ ಸಂತೋಷವಾಗಿರುತ್ತದೆ" ಎಂದಿತ್ತು.

"ಯಾಕೇ ಇಂಗೆ ಸರ್ಕಾರಿ ಕಾಗ್ದದಂಗೆ ಬರೀತೀಯ?" ಎಂದೆ. "ನಿನ್ನ ಅಳಿಯ ಬರೀತಾವ್ನೆ ಅಂದ್ಕಂಡಿದ್ದೆ ಕಣೇ ನಾನು."

ಅವಳ ಹುಬ್ಬು ಮೇಲೇರಿತು. ಮತ್ತೆ ಟೈಪು ಮಾಡಿದಳು. "ಆಡಿದಂಗೆ ಬರೆದರೆ ಕೆಂಪು ಶಾಯೀಲಿ ತಿದ್ದಿ ಕಳಿಸ್ತಿದ್ದೆಯಲ್ಲ. ಅಕ್ಕನಿಗೆ ಬರೆಯೋದು ಅಂದರೆ ಹೀಗೇ ಅಂದುಕೊಂಡಿದ್ದೆ. ನೀನು ಬರೆದುಕೊಟ್ಟ ಅರ್ಜಿಗಳನ್ನೆಲ್ಲ ನೋಡಿಕೊಂಡು ಬರೆದೆ. ಚೆನ್ನಾಗಿಲ್ಲವಾ?"

ನಟರಾಜು ಅಲ್ಲೇ ನಿಂತಿದ್ದ. ಪ್ರತಿ ಅವನಿಗೆ ಹೋದದ್ದು ಯಾಕೆಂದರೆ, ರಾಧಾಮಣಿಗೆ ಇ-ಮೇಲ್ ಹೊಸದು, ಹೋಯಿತೋ ಇಲ್ಲವೋ ನೋಡಿ ಹೇಳು ಎಂದು ಅವಳೇ ಅವನಿಗೆ ಹೇಳಿದ್ದಳಂತೆ. ಅವನ ಮುಖ ನೋಡಲಾಗಲಿಲ್ಲ. ಉಪ್ಪಿನಕಾಯಿ ಜಾಡಿ ಅವನ ಕೈಗೆ ಕೊಟ್ಟೆ.

"ಬಂದು ಹೋಗುವುದು ಅಂತ ಬರೆದೆನಲ್ಲ ಅಕ್ಕ" ಎಂದು ಮುಂದಿನ ಸಾಲು ತೋರಿಸಿದಳು. "ಅಮ್ಮ ಬರೆಸಿದ ಕಾರ್ಡು ನಿನಗೆ ನೆನಪಿರುತ್ತೆ ಅಂದುಕೊಂಡೆ."

ನೆನಪಿತ್ತು. ಅದನ್ನೇ ಈ ಪುಸ್ತಕದಲ್ಲಿ, ಹಿಂದಿನ ಪುಟಗಳಲ್ಲಿ ಬರೆದಿದ್ದೇನೆ. ಹತ್ತು ದಿನ ಕಳೆದು ಅದೇ ಸಾಲು ನನಗೇ ಬಂದಾಗ ಛಾಪಾ ಕಾಗದ ಕಂಡಿತು, ತಂಗಿ ಕಾಣಲಿಲ್ಲ.

"ಅವತ್ತು ಫೋನ್ ಮಾಡ್ದಾಗ ದನಿ ಇತ್ತೇನೇ?" ಎಂದು ಕೇಳಿದೆ. ಕೇಳಬಾರದಿತ್ತೇನೋ.

"ಒಸಿ ಇತ್ತು."

"ಏನ್ ಹೇಳ್ಬೇಕು ಅಂತಿದ್ದೆ?"

ಬಹಳ ಹೊತ್ತು ಟೈಪು ಮಾಡಿದಳು. ಅಳಿಸಿದಳು. ಮತ್ತೆ ಮಾಡಿದಳು. ತಿರುಗಿಸಿದಾಗ ಇದ್ದದ್ದು ಇಷ್ಟು: "ಕಾಯಿಲೆ ವಿಷಯ ಹೇಳಿ ಮುಗಿಸಿ, ದನಿ ಹೋಗೋದರೊಳಗೆ ನಿನ್ನ ಹತ್ರ ಒಂದು ಜಗಳ ಆಡೋಣ ಅಂತಿದ್ದೆ."

ನಾನು ಅತ್ತೆ. ಅವಳು ನಕ್ಕಳು. ಭುಜ ಕುಣಿಯುತ್ತಿತ್ತು, ಸದ್ದಿಲ್ಲ. ಆ ದನಿಯನ್ನು ಇನ್ನೊಂದು ಸಲ ಕೇಳಬಹುದಿತ್ತು. ಫೋನು ನನ್ನ ಕೈಯಳತೆಯಲ್ಲೇ ಇತ್ತು.

ಮಾರ್ಚ್ 22

ಒಣಗಿದ ತೋರಣ ತೆಗೆದು ಹೊಸದು ಕಟ್ಟಲು ಅಳಿಯನಿಗೆ ಹೇಳಿದ್ದೆ, ಕಟ್ಟಿದನಂತೆ. ಒಳ್ಳೆಯ ಹುಡುಗ. ರಾಧ ಬರೆದಿದ್ದಳು. ತಿದ್ದುವ ಅಭ್ಯಾಸ ಬಿಟ್ಟಿದ್ದೇನೆ, ನಿನಗೆ ಹೆಂಗೆ ಬರ್ತದೋ ಹಂಗೇ ಬರಿ ಎಂದು ಉತ್ತರ ಹಾಕಿದೆ. ಈಗ ನಾನೂ ಹಾಗೇ ಬರೆಯುತ್ತೇನೆ. ಯಾವಾಗಿನಿಂದ ಎಂದು ಸರಿಯಾಗಿ ಗೊತ್ತಿಲ್ಲ.

ಮಾರ್ಚ್ 30, ಭಾನುವಾರ. ಯುಗಾದಿ

ಬೇವು ಬೆಲ್ಲ ತಿಂದು ಬಾಯಿ ತೊಳೆಯುತ್ತಿದ್ದೆ. ಫೋನ್ ಹೊಡೆಯಿತು. ರಾಧಾಮಣಿ ಎಂದು ತೋರಿಸಿತು. ಅವಳು ಯಾತಕ್ಕೆ ಫೋನ್ ಮಾಡುತ್ತಾಳೆ? ಒದ್ದೆ ಕೈಯಲ್ಲೇ ಎತ್ತಿದೆ.

ಆ ಕಡೆ ಉಸಿರು. ಅಷ್ಟೇ. ಕತ್ತಿನಿಂದ ಬರುವ ಉಸಿರು, ಒಂದು ಥರದ ಸುಯ್ ಎಂಬ ಸದ್ದು. ನಾನೇ ಶುರು ಮಾಡಿದೆ. ಒಬ್ಬಟ್ಟಿನ ಹೂರಣ ಒಸಿ ತೆಳ್ಳಗಾಯಿತು ಅಂದೆ. ಮುನ್ನೀ ನನಗೊಂದು ಬಣ್ಣದ ಬುಗುರಿ ತಂದುಕೊಟ್ಟಳು ಅಂದೆ. ಹಬೀಬ ಕುರಿಯನ್ನು ವಾಪಸು ಕರೆತಂದ ಕಥೆ ಹೇಳಿದೆ. ಅಮ್ಮ ಇದ್ದಿದ್ದರೆ ಇವತ್ತು ಹಿತ್ತಿಲಿನ ಮರಕ್ಕೆ ಪೂಜೆ ಮಾಡುತ್ತಿದ್ದಳು ಅಂದೆ. ನಡುನಡುವೆ ಆ ಉಸಿರು ಜೋರಾಗುತ್ತಿತ್ತು. ನಗುತ್ತಿದ್ದಾಳೆ ಎಂದು ಗೊತ್ತಾಗುತ್ತಿತ್ತು. ಮಾತಾಡಿ ಮಾತಾಡಿ ನನ್ನ ಗಂಟಲು ಒಣಗಿತು. ಅಭ್ಯಾಸಬಲದಿಂದ, "ನನ್ದೇ ಆಯ್ತು, ನೀನೂ ಒಸಿ ಮಾತಾಡೇ" ಅಂದುಬಿಟ್ಟೆ.

ಉಸಿರೂ ನಿಂತ ಹಾಗಾಯಿತು. ಫೋನ್ ಕಟ್ಟಾಯಿತು.

ನಾಲಿಗೆ ಕಚ್ಚಿಕೊಂಡೆ. ಕಂಪ್ಯೂಟರ್ ಹಾಕುವ ಧೈರ್ಯ ಬರಲಿಲ್ಲ. ಕೊನೆಗೆ ಹಾಕಿದೆ. ಬಂದಿತ್ತು.

"ಅಕ್ಕೋ, ಸತ್ತೋಗಿದ್ದೀಯೋ ಬದುಕಿದ್ದೀಯೋ? ಮಾತಾಡು ಅಂದ್ಯಲ್ಲ, ತಗೋ ಮಾತಾಡ್ತಾವ್ನಿ. ಹೂರಣ ತೆಳ್ಳಗಾದ್ರೆ ಒಸಿ ಬಾಣ್ಲೀಲಿ ಬಾಡಿಸ್ಬೇಕು ಅಂತ ಎಷ್ಟ್ ಸಲ ಬಡ್ಕಂಡಿದ್ದೀನಿ ನಿಂಗೆ. ದೊಡ್ಡ ಗುಮಾಸ್ತೆ ಆಗಿ ಏನ್ ಬಂತು, ಒಂದು ಒಬ್ಬಟ್ಟು ತಟ್ಟಕೆ ಬರಲ್ವಲ್ಲ. ಆ ಕುರಿ ಇನ್ನೂ ಕುಯ್ದಿಲ್ವಾ ಅವ್ರು? ನಾನು ಬಂದು ನೋಡಗಂಟ ಇಟ್ಕಳಕೆ ಹೇಳು."

ಒಂದು ಸಲ ಮನಸ್ಸಿನಲ್ಲಿ ಓದಿದೆ. ಸಾಲದೆ ಗಟ್ಟಿಯಾಗಿ ಓದಿದೆ, ಅವಳು ಎಲ್ಲಿ ಎಳೆಯುತ್ತಿದ್ದಳೋ ಅಲ್ಲಿ ಎಳೆದು, ಎಲ್ಲಿ ಏರಿಸುತ್ತಿದ್ದಳೋ ಅಲ್ಲಿ ಏರಿಸಿ. ಕಿಟಕಿ ತೆರೆದೇ ಇತ್ತು.

ಕೆಳಗಿನಿಂದ ಮುನ್ನೀ ಕೂಗಿದಳು: "ಅಮ್ಮಾ, ಯಾರ್ ಬಂದವ್ರೆ?"

"ನನ್ನ ತಂಗಿ" ಎಂದೆ.